ಬಿಳಿ ಬ್ಯಾಕ್‌ಗ್ರೌಂಡು, ಬಿಳಿ ಅಂಗಿ

ಹೋದ ಭಾನುವಾರ ಒಂದು ಜೊತೆ ಚಪ್ಪಲಿಯ ಫೋಟೋಗಳನ್ನ ಇಲ್ಲಿ ಹಾಕಿದ್ದೆ, ನೋಡಿರ್ತೀರಿ. ಬಿಳಿ ಬ್ಯಾಕ್‌ಗ್ರೌಂಡು. ಮೇಲಿಂದ ಒಂದು, ಪಕ್ಕದಿಂದ ಒಂದು, ತಿರುಗಿಸಿ ಅಟ್ಟೆ ಕಾಣೋ ಹಾಗೆ ಒಂದು. ಕೊನೇದರಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡ ಒಬ್ಬರು ಹಿರಿಯರು ಅದೇ ಚಪ್ಪಲಿ ಹಿಡಿದು ನಿಂತಿದ್ದಾರೆ. ಅಷ್ಟೇ. ಇದಕ್ಕೆ ಸಂಘಟನೆಯ ಇಬ್ಬರು ಗೆಳೆಯರು ಫೋನ್ ಮಾಡಿ ಬೈದರು, ಅದೂ ಒಬ್ಬರಿಗೊಬ್ಬರು ಉಲ್ಟಾ ಕಾರಣಕ್ಕೆ.

ಒಬ್ಬರು ಹೇಳಿದ್ದು: "ಇಷ್ಟು ವರ್ಷ ಕ್ಯಾಮೆರಾ ಹಿಡಿದಿದ್ದೀಯ, ಇದೇನಮ್ಮ ಚಪ್ಪಲಿ ಅಂಗಡಿ ಪಾಂಪ್ಲೆಟ್ ತರ? ಕಲೆ ಎಲ್ಲಿ? ಆ ಕೈ ಎಲ್ಲಿ, ಬೆವರು ಎಲ್ಲಿ?" ಇನ್ನೊಬ್ಬರು: "ಚಪ್ಪಲಿ ಮಾತ್ರ ಹಾಕಿದ್ರೆ ಸಾಕಿತ್ತು. ಆ ಯಜಮಾನರನ್ನ ಯಾಕೆ ಹಾಕಿದೆ? ನಮ್ಮೋರ ಮುಖ ಕಂಡ್ರೆ ತಗೊಳೋರೂ ತಗೊಳಲ್ಲ."

ಇಬ್ಬರೂ ನನ್ನ ಒಳ್ಳೇದಕ್ಕೇ ಹೇಳಿದ್ದು. ಫೋನಲ್ಲಿ ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. ಅದಕ್ಕೆ ಇಲ್ಲಿ ಬರೀತಿದ್ದೀನಿ. ಉದ್ದ ಇದೆ, ಟೀ ಮಾಡ್ಕೊಂಡು ಓದಿ.

ಗೊತ್ತಿಲ್ಲದೋರಿಗೆ ಹೇಳಿಬಿಡ್ತೀನಿ, ಧರಣಿ, ಸಭೆ, ಮೆರವಣಿಗೆಯ ಫೋಟೋಗಳಿಂದ ಹೊಟ್ಟೆ ತುಂಬಲ್ಲ. ನಾನು ಬಾಡಿಗೆ ಕಟ್ಟೋದು ಪ್ರಾಡಕ್ಟ್ ಫೋಟೋ ತೆಗೆದು. ಪೀಣ್ಯ ಎರಡನೇ ಹಂತದಲ್ಲಿ ಒಂದು ವರ್ಕ್‌ಶಾಪಿನ ಮೇಲಿನ ಮಹಡಿಯಲ್ಲಿ ನಮ್ಮ ಸ್ಟುಡಿಯೋ. ಸ್ಟುಡಿಯೋ ಅಂದ್ರೆ ದೊಡ್ಡದೇನಲ್ಲ, ಹತ್ತಡಿ ಬಿಳಿ ಪೇಪರ್ ರೋಲು, ಮೂರು ಲೈಟು, ಒಂದು ಟೇಬಲ್ಲು. ಕೆಳಗೆ ಪವರ್ ಪ್ರೆಸ್ ಬಿದ್ದಾಗಲೆಲ್ಲ ಟ್ರೈಪಾಡ್ ನಡುಗುತ್ತೆ. ಸೂಕ್ಷ್ಮದ ಕೆಲಸ ಇದ್ರೆ ಕೆಳಗಿನೋರ ಟೀ ಟೈಮಿಗೆ ಕಾಯ್ತೀವಿ. ಅವರು ಟೀ ಕುಡಿಯೋ ಹತ್ತು ನಿಮಿಷದಲ್ಲಿ ನಾನು ಉಸಿರು ಹಿಡ್ಕೊಂಡು ಕ್ಲಿಕ್ ಮಾಡ್ತೀನಿ. ವಾಲ್ವು, ನಲ್ಲಿ, ಕುಕ್ಕರು, ಟಿಫಿನ್ ಕ್ಯಾರಿಯರು, ಕುರ್ತಿ, ಮಕ್ಕಳ ಚಡ್ಡಿ, ಏನು ಬಂದರೂ ತೆಗೀತೀವಿ.

ಈ ಕೆಲಸದಲ್ಲಿ ಮೊದಲು ಕಲಿಯೋದು ಬಿಳಿ. ಅಮೆಜಾನಿನಲ್ಲಿ ಮಾರಬೇಕು ಅಂದ್ರೆ ಮೊದಲ ಫೋಟೋದ ಹಿನ್ನೆಲೆ ಅಪ್ಪಟ ಬಿಳಿ ಇರಬೇಕು. ಕಂಪ್ಯೂಟರ್ ಲೆಕ್ಕದಲ್ಲಿ ಕೆಂಪು 255, ಹಸಿರು 255, ನೀಲಿ 255. ಒಂದು ಅಂಕಿ ಕಮ್ಮಿ ಆದ್ರೂ ಅದು ಬಿಳಿಯಲ್ಲ, ಬೂದಿ. ಫ್ರೇಮಿನ ಶೇಕಡಾ 85 ಭಾಗ ವಸ್ತುವೇ ತುಂಬಿರಬೇಕು. ಬೇರೆ ಸಾಮಾನು ಇಡಂಗಿಲ್ಲ, ಅಕ್ಷರ ಬರೆಯಂಗಿಲ್ಲ. ಮೇಜಿಲ್ಲ, ಗೋಡೆ ಇಲ್ಲ, ಊರಿಲ್ಲ. ವಸ್ತು ಆಕಾಶದಿಂದ ಉದುರಿದ ಹಾಗೆ ನಿಂತಿರಬೇಕು.

ಎರಡನೇ ಪಾಠ ಸ್ಟೀಲಿಂದು. ಸ್ಟೀಲ್ ಪಾತ್ರೆ ಕನ್ನಡಿ ಇದ್ದ ಹಾಗೆ, ಎದುರಿಗಿರೋದನ್ನೆಲ್ಲ ತೋರಿಸುತ್ತೆ. ಕುಕ್ಕರಿನ ಹೊಟ್ಟೆಯಲ್ಲಿ ಕ್ಯಾಮೆರಾ ಕಾಣುತ್ತೆ, ಲೈಟು ಕಾಣುತ್ತೆ, ಅಡ್ಡಡ್ಡ ಊದಿಕೊಂಡ ನಿಮ್ಮ ಮುಖವೂ ಕಾಣುತ್ತೆ. ಅದಕ್ಕೆ ಸುತ್ತ ಬಿಳಿ ಬಟ್ಟೆ ಗುಡಾರದ ತರ ಕಟ್ಟಿ, ಲೆನ್ಸ್ ಹೋಗುವಷ್ಟು ತೂತು ಮಾಡಿ, ಆ ತೂತಿಂದ ತೆಗೀಬೇಕು. ಅಂಚು ಬಿಳಿಯೊಳಗೆ ಕರಗಿ ಹೋಗದ ಹಾಗೆ ಎರಡೂ ಪಕ್ಕಕ್ಕೆ ಕಪ್ಪು ಪಟ್ಟಿ ನಿಲ್ಲಿಸಬೇಕು. ಆಮೇಲೂ ಎಲ್ಲಾದ್ರೂ ನಿಮ್ಮ ಬೆರಳಿನ ಚೂರು ಕಂಡ್ರೆ ಕಂಪ್ಯೂಟರಿನಲ್ಲಿ ಅಳಿಸಬೇಕು. ನನಗೆ ಕೆಲಸ ಕಲಿಸಿದ ಅಣ್ಣ ಹೇಳ್ತಿದ್ದ, "ನೀನು ಅಲ್ಲಿ ಇರಲೇ ಇಲ್ಲ ಅನ್ನೋ ಹಾಗೆ ತೆಗೀಬೇಕು ಕಣೇ, ಅದೇ ಕೆಲಸ." ಆಗ ಅದು ಬರೀ ಟೆಕ್ನಿಕ್ ಅಂತ ಕೇಳಿಸಿಕೊಂಡಿದ್ದೆ.

ಕೆಲವು ವರ್ಷದ ಹಿಂದೆ ಒಂದು ಟಿಫಿನ್ ಬಾಕ್ಸಿನ ಕೆಲಸ ಬಂತು. ಕಂಪನಿ ಹೆಸರು ಬೇಡ. ಒಂದು ಫೋಟೋದಲ್ಲಿ ಬಾಕ್ಸನ್ನ ಕೈಯಲ್ಲಿ ಹಿಡಿದಿರಬೇಕಿತ್ತು, ಸೈಜು ಗೊತ್ತಾಗಲಿ ಅಂತ. ಹ್ಯಾಂಡ್ ಮಾಡೆಲ್ ಬರೋದು ತಡ ಆಯ್ತು, ಫೋಕಸ್ ನೋಡೋಕೆ ಅಂತ ನಾನೇ ಹಿಡಿದೆ, ಹುಡುಗ ಕ್ಲಿಕ್ ಮಾಡಿದ. ಆಮೇಲೆ ಮಾಡೆಲ್ ಬರಲೇ ಇಲ್ಲ. ಇದನ್ನೇ ಕಳಿಸಿದ್ವಿ. ಅವರಲ್ಲಿ ಎರಡು ಪಾರ್ಟಿ. ಡಿಸೈನ್ ನೋಡಿಕೊಳ್ಳೋ ಹುಡುಗನಿಗೆ ತುಂಬಾ ಇಷ್ಟ ಆಯ್ತು. "ಕೈ ಚೆನ್ನಾಗಿದೆ, ರಸ್ಟಿಕ್ ಆಗಿದೆ, ಬ್ಯಾಕ್‌ಗ್ರೌಂಡ್ ಪೂರ್ತಿ ಕಪ್ಪು ಮಾಡೋಣ, ಒಂದು ಕಡೆಯಿಂದ ಲೈಟ್ ಬೀಳಲಿ" ಅಂದ. ಸೇಲ್ಸಿನವರು, "ಇದು ಅಡುಗೆಮನೆ ಐಟಂ, ಕೈ ಕ್ಲೀನಾಗಿ ಕಾಣಬೇಕು" ಅಂದ್ರು. ಒಂದು ವಾರ ಮೇಲ್ ಓಡಾಡಿತು. ಕೊನೆಗೆ ಸೇಲ್ಸಿನವರು ಗೆದ್ದರು. ಒಂದು ತಿಂಗಳು ಬಿಟ್ಟು ಆ ವೆಬ್‌ಸೈಟ್ ತೆಗೆದು ನೋಡಿದೆ. ನನ್ನದೇ ಬೆರಳು, ನನ್ನದೇ ಉಗುರು, ಹೆಬ್ಬೆರಳ ಹತ್ತಿರದ ಸುಟ್ಟ ಗಾಯದ ಕಲೆ ಮಾತ್ರ ಇಲ್ಲ. ಬಣ್ಣ ನನ್ನದಲ್ಲ. ಗೋಧಿ ಹಿಟ್ಟಿನ ಬಣ್ಣ.

ಅವತ್ತು ನನಗೆ ಸಿಟ್ಟು ಬಂದಿದ್ದು ಸೇಲ್ಸಿನವರ ಮೇಲೆ ಮಾತ್ರ. ಡಿಸೈನ್ ಹುಡುಗ ನಮ್ಮ ಪಾರ್ಟಿ ಅಂದುಕೊಂಡಿದ್ದೆ. ಅವನೂ ನನ್ನ ಕೈಯನ್ನ ಒಂದು ಸಾಮಾನಿನ ಹಾಗೇ ನೋಡಿದ್ದ ಅಂತ ಹೊಳೆಯೋಕೆ ಬಹಳ ದಿನ ಬೇಕಾಯ್ತು. ಅವನಿಗೆ ಬೇಕಿದ್ದದ್ದು 'ರಸ್ಟಿಕ್', ನಾನಲ್ಲ.

ಜಾಹೀರಾತು ಲೋಕದಲ್ಲಿ ಇದು ಹಳೇ ಜಗಳ. ಮಾರಾಟದ ಪಕ್ಷಕ್ಕೆ ದೊಡ್ಡ ಹೆಸರು ಡೇವಿಡ್ ಒಗಿಲ್ವಿ. ಜಾಹೀರಾತಿನ ಕೆಲಸ ಚಪ್ಪಾಳೆ ಗಿಟ್ಟಿಸೋದಲ್ಲ, ವಸ್ತು ಮಾರೋದು ಅಂತ ಜೀವನಪೂರ್ತಿ ವಾದಿಸಿದವರು. 1951ರಲ್ಲಿ ಹ್ಯಾಥವೇ ಅನ್ನೋ ಶರ್ಟಿನ ಜಾಹೀರಾತಿಗೆ ಮಾಡೆಲ್ಲಿನ ಒಂದು ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿ ಫೋಟೋ ತೆಗೆಸಿದರು. ಇವನ್ಯಾರು, ಕಣ್ಣಿಗೇನಾಯ್ತು ಅಂತ ಜನ ನಿಂತು ನೋಡಿದರು, ಶರ್ಟು ಖರ್ಚಾಯ್ತು. ಕಲಾವಿದರ ಪಕ್ಷಕ್ಕೆ ಇಟಲಿಯ ಫೋಟೋಗ್ರಾಫರ್ ಒಲಿವಿಯೆರೊ ಟೊಸ್ಕಾನಿ. ಬೆನೆಟನ್ ಬಟ್ಟೆ ಕಂಪನಿಗೆ ಕೆಲಸ ಮಾಡ್ತಿದ್ದ. ಅವನ ಎಷ್ಟೋ ಜಾಹೀರಾತಲ್ಲಿ ಬಟ್ಟೆಯೇ ಇರ್ತಿರಲಿಲ್ಲ. 1992ರಲ್ಲಿ ಏಡ್ಸ್ ಆಗಿ ಸಾಯ್ತಾ ಮಲಗಿದ್ದ ಡೇವಿಡ್ ಕರ್ಬಿ ಅನ್ನೋ ಯುವಕ, ಅವನನ್ನ ತಬ್ಬಿಕೊಂಡ ಅಪ್ಪ. ಆ ಫೋಟೋ ತೆಗೆದದ್ದು ಥೆರೆಸ್ ಫ್ರೇರ್ ಅನ್ನೋ ಹೆಣ್ಣುಮಗಳು, ಅದು ಮೊದಲು ಪತ್ರಿಕೆಯಲ್ಲಿ ಬಂದದ್ದು ಕಪ್ಪು ಬಿಳುಪಿನಲ್ಲಿ. ಬೆನೆಟನ್ ಅದಕ್ಕೆ ಬಣ್ಣ ಹಾಕಿ, ಮೂಲೆಯಲ್ಲಿ ಕಂಪನಿ ಹೆಸರು ಹಚ್ಚಿತು. 2000ದಲ್ಲಿ ಅಮೆರಿಕದ ಮರಣದಂಡನೆ ಕೈದಿಗಳ ಮುಖಗಳು. ಆಗ ಸಿಯರ್ಸ್ ಅನ್ನೋ ದೊಡ್ಡ ಅಂಗಡಿ ಸರಣಿ ಬೆನೆಟನ್ ಮಾಲನ್ನೇ ಕೈಬಿಟ್ಟಿತು. ಅದೇ ವರ್ಷ ಟೊಸ್ಕಾನಿಯೂ ಬೆನೆಟನ್ ಬಿಟ್ಟ.

ಕಾಲೇಜಲ್ಲಿ ನನಗೆ ಟೊಸ್ಕಾನಿ ಅಂದ್ರೆ ದೇವರು. ಗೋಡೆಗೆ ಪ್ರಿಂಟ್ ಅಂಟಿಸಿದ್ದೆ. ಅಮ್ಮ ಅದನ್ನ ನೋಡಿ ಕೇಳಿದ್ದು ಒಂದೇ, "ಬಟ್ಟೆ ಕಂಪನಿ ಅಂತೀಯ, ಬಟ್ಟೆ ಎಲ್ಲೇ?"

ಅಮ್ಮ ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹದಿನಾಲ್ಕು ವರ್ಷ ಕಾಲರ್ ಹೊಲಿದೋರು. ಗಂಟೆಗಿಷ್ಟು ಪೀಸು ಅಂತ ಟಾರ್ಗೆಟ್ಟು. ನೀರು ಕುಡಿದ್ರೆ ಬಾತ್‌ರೂಮಿಗೆ ಹೋಗಬೇಕಾಗುತ್ತೆ ಅಂತ ನೀರೇ ಕುಡೀತಿರಲಿಲ್ಲ. ಈಗಲೂ ನಾನು ತೆಗೆದ ಶರ್ಟಿನ ಫೋಟೋ ತೋರಿಸಿದ್ರೆ ಲೈಟು ಗೀಟು ನೋಡಲ್ಲ, ಬೆರಳಲ್ಲಿ ದೊಡ್ಡದು ಮಾಡಿ ಕಾಲರ್ ನೋಡ್ತಾರೆ. "ಎಡಗಡೆ ತುದಿ ಎದ್ದಿದೆ, ಕ್ಯೂಸಿಯವರು ಹೆಂಗೆ ಬಿಟ್ರು ಇದನ್ನ?" ನಾನು ಅದನ್ನ ಕಂಪ್ಯೂಟರಲ್ಲಿ ಸರಿಮಾಡಿ ಕಳಿಸ್ತೀನಿ. ಅಮ್ಮನಂತೋಳು ಯಾರೋ ಎಲ್ಲೋ ಬೈಸಿಕೊಂಡಿರ್ತಾಳೆ ಆ ತುದಿಗೆ.

2013ರ ಏಪ್ರಿಲ್ 24ಕ್ಕೆ ಬಾಂಗ್ಲಾದೇಶದಲ್ಲಿ ರಾಣಾ ಪ್ಲಾಜಾ ಕುಸಿದು 1,100ಕ್ಕಿಂತ ಹೆಚ್ಚು ಜನ ಸತ್ತರು. ಹೆಚ್ಚಿನವರು ನಮ್ಮಮ್ಮನ ಹಾಗೆ ಹೊಲಿಯೋ ಹೆಂಗಸರು. ಅಲ್ಲಿನ ಒಂದು ಕಾರ್ಖಾನೆಯಿಂದ ಬಟ್ಟೆ ಮಾಡಿಸಿಕೊಂಡಿದ್ದ ಕಂಪನಿಗಳಲ್ಲಿ ಬೆನೆಟನ್ನೂ ಇತ್ತು. ಮೊದಲು ಇಲ್ಲ ಅಂತು, ಆಮೇಲೆ ಒಪ್ಪಿಕೊಂಡಿತು. ಆ ಸುದ್ದಿ ಓದಿದ ದಿನ ಗೋಡೆಯ ಪ್ರಿಂಟ್ ಕಿತ್ತುಹಾಕಿದೆ ಅಂತ ಬರೆದ್ರೆ ಚೆನ್ನಾಗಿರುತ್ತೆ. ಆದ್ರೆ ಕೀಳಲಿಲ್ಲ, ಮನೆ ಬದಲಾಯಿಸಿದಾಗ ತಾನೇ ಹರಿದುಹೋಯ್ತು. ಒಂದು ಮಾತ್ರ ನೆನಪಲ್ಲಿ ಉಳೀತು. ಲೋಕದಲ್ಲಿ ಯಾರ್ಯಾರದೋ ನೋವನ್ನ ದೊಡ್ಡ ಬೋರ್ಡಿನ ಮೇಲೆ ತೋರಿಸಿದ ಬಟ್ಟೆ ಕಂಪನಿಯ ಯಾವ ಫೋಟೋದಲ್ಲೂ ಆ ಬಟ್ಟೆ ಹೊಲಿದೋಳನ್ನ ನಾನು ನೋಡಿರಲಿಲ್ಲ. ನಾನು ಅವಳನ್ನ ನೋಡಿದ್ದು ತಸ್ಲೀಮಾ ಅಖ್ತರ್ ಅವಶೇಷದೊಳಗೆ ತೆಗೆದ ಫೋಟೋದಲ್ಲಿ, ಒಬ್ಬ ಗಂಡಸು ಅವಳನ್ನ ತಬ್ಬಿಕೊಂಡಿದ್ದ, ಇಬ್ಬರೂ ಸತ್ತಿದ್ದರು.

ನಮ್ಮಲ್ಲೂ ಅಷ್ಟೇ. 2016ರ ಏಪ್ರಿಲ್ 18, 19ಕ್ಕೆ ಪಿಎಫ್ ನಿಯಮ ಬದಲಾಯಿಸಿದ್ದಕ್ಕೆ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ರಸ್ತೆಗೆ ಇಳಿದರಲ್ಲ, ಹೊಸೂರು ರಸ್ತೆಯಲ್ಲಿ ಶುರುವಾಗಿ ತುಮಕೂರು ರಸ್ತೆವರೆಗೂ ಬಂತಲ್ಲ, ಕೇಂದ್ರ ಸರ್ಕಾರ ಎರಡೇ ದಿನಕ್ಕೆ ಆದೇಶ ವಾಪಸ್ ತಗೊಂಡಿತಲ್ಲ, ಆವತ್ತು ಎಲ್ಲ ಪೇಪರಲ್ಲೂ ಅವರ ಫೋಟೋ. ಅಮ್ಮ ಹೊಲಿದ ಶರ್ಟು ಹದಿನಾಲ್ಕು ವರ್ಷ ಯಾವ್ಯಾವ ದೇಶದ ಕ್ಯಾಟಲಾಗಿನಲ್ಲಿ ಬಂತೋ. ಅಮ್ಮ ಫೋಟೋದಲ್ಲಿ ಬಂದದ್ದು ರಸ್ತೆಗೆ ಇಳಿದಾಗ, ಅದೂ ಬೆನ್ನು ಮಾತ್ರ.

ಜಾಹೀರಾತಲ್ಲಿ ನಮ್ಮನ್ನ ತೋರಿಸೋದೇ ಇಲ್ಲ ಅಂತಲ್ಲ. 2023ರ ಜೂನ್‌ನಲ್ಲಿ ಪರಿಸರ ದಿನಕ್ಕೆ ಜೊಮ್ಯಾಟೊ ತೋರಿಸಿತು. 'ಲಗಾನ್' ಸಿನಿಮಾದಲ್ಲಿ ಕಚರಾ ಪಾತ್ರ ಮಾಡಿದ್ದ ನಟನನ್ನೇ ಕರೆತಂದು ಟೇಬಲ್ಲು, ದೀಪ, ಹೂಕುಂಡ ಮಾಡಿ ಕೂರಿಸಿದರು. ಕಸ ಮರುಬಳಕೆ ಆಗುತ್ತೆ ಅಂತ ಹೇಳೋಕೆ. ನೀವೆಲ್ಲ ಆಗ ಪೋಸ್ಟ್ ಹಾಕಿದ್ರಿ, ನಾನೂ ಹಾಕಿದೆ. ಅವರು ತೆಗೆದರು, ಆಮೇಲೆ ಪರಿಶಿಷ್ಟ ಜಾತಿಗಳ ಆಯೋಗ ನೋಟಿಸೂ ಕೊಟ್ಟಿತು. ವೃತ್ತಿಯ ಕಣ್ಣಿಂದ ಹೇಳ್ತೀನಿ, ಲೈಟಿಂಗ್ ಚೆನ್ನಾಗಿತ್ತು. ನೀಟಾದ ಕೆಲಸ. ಅದೇ ಹೊಟ್ಟೆ ಉರಿಸಿದ್ದು.

ಇಷ್ಟೆಲ್ಲ ಗೊತ್ತಿದ್ದ ನಾನು ಏನು ಮಾಡಿದೆ ಅಂತ ಈಗ ಹೇಳ್ತೀನಿ.

ಕಳೆದ ವರ್ಷ, 2025ರಲ್ಲಿ, ದೀಪಾವಳಿಗೆ ಮುಂಚೆ ವೈಟ್‌ಫೀಲ್ಡಿನ ಒಂದು ಟೆಕ್ ಪಾರ್ಕಿನಲ್ಲಿ ಕರಕುಶಲ ಸಾಮಾನಿನ ಸ್ಟಾಲ್ ಹಾಕೋಕೆ ಅಥಣಿ ಕಡೆಯಿಂದ ಒಬ್ಬರು ಕಾಕಾ, ಚಿಗವ್ವ ಬಂದರು. ನಮ್ಮ ಗೆಳೆಯರೊಬ್ಬರ ಸಂಬಂಧಿಕರು, ಲಗ್ಗೆರೆಯಲ್ಲಿ ಉಳಿದಿದ್ದರು. (ವೈಟ್‌ಫೀಲ್ಡ್ ಅನ್ನೋ ಹೆಸರಿಗೂ ನಮ್ಮ 255 ಬಿಳಿಗೂ ಸಂಬಂಧ ಇಲ್ಲ. 1882ರಲ್ಲಿ ಆಂಗ್ಲೋ ಇಂಡಿಯನ್ನರಿಗೆ ಅಂತ ಆ ಊರು ಕಟ್ಟಿಸಿದ ಡಿ. ಎಸ್. ವೈಟ್ ಅವರ ಹೆಸರು ಅದು.)

ಆ ವರ್ಷ ಕೊಲ್ಹಾಪುರಿ ಚಪ್ಪಲಿ ಎಲ್ಲರ ಬಾಯಲ್ಲಿತ್ತು. ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನಿನ ಫ್ಯಾಷನ್ ಶೋದಲ್ಲಿ ಅಂಥದ್ದೇ ಚಪ್ಪಲಿ ತೊಡಿಸಿ, ಬರೀ ಚರ್ಮದ ಸ್ಯಾಂಡಲ್ ಅಂತ ಕರೆದಿತ್ತು. ಗಲಾಟೆ ಆದಮೇಲೆ ಭಾರತದ ಕಸುಬುದಾರರಿಂದ ಪ್ರೇರಣೆ ಪಡೆದದ್ದು ಅಂತ ಒಪ್ಪಿಕೊಂಡಿತು. ಆ ಗಲಾಟೆಯಲ್ಲಿ ಕರ್ನಾಟಕದ ಹೆಸರು ಕಷ್ಟಪಟ್ಟು ಬಂತು. 2019ರಲ್ಲಿ ಸಿಕ್ಕ ಜಿಐ ಟ್ಯಾಗ್ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗೆ, ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಕ್ಕೆ ಸೇರಿ. ಅದರ ಹಕ್ಕು ಮಹಾರಾಷ್ಟ್ರದ ಲಿಡ್ಕಾಂ ಮತ್ತು ನಮ್ಮ ಲಿಡ್ಕರ್, ಎರಡೂ ನಿಗಮಗಳಿಗೆ. ಡಿಸೆಂಬರಿನಲ್ಲಿ ಪ್ರಾಡಾ ಇವೆರಡರ ಜೊತೆಗೇ ಒಪ್ಪಂದ ಮಾಡಿಕೊಂಡಿತು, ಎರಡು ಸಾವಿರ ಜೊತೆ ಇಲ್ಲೇ ಮಾಡಿಸಿ, ಜೊತೆಗೆ ಸುಮಾರು 800 ಯೂರೋದಂತೆ ಮಾರೋದಕ್ಕೆ. ನಮ್ಮ ಕಾಕಾನ ಚಪ್ಪಲಿ 1,800 ರೂಪಾಯಿ. ಸ್ಟಾಲಿನಲ್ಲಿ ಅದಕ್ಕೂ ಚೌಕಾಶಿ.

ಸ್ಟಾಲಿನ ಪೋಸ್ಟರಿಗೆ ಫೋಟೋ ಬೇಕು ಅಂತ ಆಯೋಜಕರು ಕೇಳಿದ್ದರು. "ಅಥೆಂಟಿಕ್ ಆಗಿರಲಿ ಮೇಡಂ, ರಾ ಆಗಿರಲಿ" ಅಂದಿದ್ದರು. ಭಾನುವಾರ ಪ್ರೆಸ್ ಬಂದ್ ಇರುತ್ತೆ, ಇಬ್ಬರನ್ನೂ ಪೀಣ್ಯಕ್ಕೆ ಕರೆಸಿದೆ. ಅಷ್ಟು ಹೊತ್ತಿಗೆ ನನ್ನ ತಲೆಯಲ್ಲಿ ಚಿತ್ರ ರೆಡಿ ಇತ್ತು. ಕಪ್ಪು ಹಿನ್ನೆಲೆ. ಶಟರ್ ಅರ್ಧ ಎಳೆದು ಒಂದೇ ಕಡೆಯಿಂದ ಬೆಳಕು. ಬನಿಯನ್‌ನಲ್ಲಿ ಕಾಕಾ. ಬಣ್ಣ ಹಿಡಿದ ಉಗುರು, ಸೀಳಿದ ಹೆಬ್ಬೆರಳು, ಕೈಯಲ್ಲಿ ರಂಪಿಗೆ. ಚಪ್ಪಲಿ ಕೆಳಗೆ ಸ್ವಲ್ಪ ಮಸುಕಾಗಿ.

ಕಾಕಾ ಹತ್ತು ನಿಮಿಷ ಸುಮ್ಮನೆ ಕೂತರು. ಆಮೇಲೆ ಕ್ಯಾಮೆರಾ ಹಿಂದಿನ ಪರದೆ ನೋಡಿ ಕೇಳಿದರು.

"ಕೈ ಯಾಕ ತಗೀತಿ ತಂಗಿ? ಕೈ ಮಾರಾಕ ಬಂದಿಲ್ಲ ನಾವು. ಚಪ್ಪಲಿ ಮಾರಾಕ ಬಂದೀವಿ."

ನಾನು ನಕ್ಕೆ. ಇದು ಕಥೆ ಹೇಳುತ್ತೆ ಕಾಕಾ, ಜನಕ್ಕೆ ಶ್ರಮ ಗೊತ್ತಾಗಬೇಕು ಅಂತೆಲ್ಲ ಭಾಷಣ ಮಾಡಿದೆ. ಚೀಟಿಯ ಮೇಲೆ ಹರಳಯ್ಯನ ಕಥೆ ಎರಡು ಸಾಲು ಹಾಕೋಣ ಅಂತಲೂ ಅಂದೆ. ಕಾಕಾನ ಮುಖ ಸಣ್ಣದಾಯ್ತು. ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಚಪ್ಪಲಿ ಮಾಡಿದ ಕಥೆ ನಮಗೆಲ್ಲ ಗೊತ್ತು. ಕಾಕಾ ಹೇಳಿದ್ದು, "ಅವ್ರು ಮಾರಾಕ ಮಾಡಿದ್ದಲ್ಲವಾ ಅದು. ಅದನ್ನ ಚೀಟಿ ಮ್ಯಾಲ ಬರದು ಮಾರಬ್ಯಾಡ."

ಆಮೇಲೆ, "ತಡಿ, ಅಂಗಿ ಹಾಕ್ಕೊಂಡ ಬರ್ತೀನಿ" ಅಂತ ಎದ್ದರು. ಸಂಜೆ ವಿಧಾನಸೌಧದ ಮುಂದಿನ ಬಾಬಾಸಾಹೇಬರ ಪ್ರತಿಮೆ ನೋಡೋಕೆ ಹೋಗೋದಿತ್ತು, ಅದಕ್ಕೆ ಅಂತ ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಪೇಪರಲ್ಲಿ ಸುತ್ತಿ ತಂದಿದ್ದರು. ನಾನು, "ಬೇಡ ಕಾಕಾ, ಬನಿಯನ್‌ನಲ್ಲೇ ಚೆನ್ನಾಗಿ ಬರುತ್ತೆ, ಕೆಲಸ ಮಾಡೋ ಹಾಗೆ ಕಾಣುತ್ತೆ" ಅಂದುಬಿಟ್ಟೆ.

"ಬಾಬಾಸಾಹೇಬರು ಹೆಂಗ ನಿಂತಾರ ನೋಡೀಯಿಲ್ಲ? ಬನಿಯನ್ ಮ್ಯಾಲ ನಿಂತಾರೇನು?"

ಎಷ್ಟು ಸಭೆಯಲ್ಲಿ ನಾನೇ ಮಾತಾಡಿದ್ದೀನಿ, ಬಾಬಾಸಾಹೇಬರ ಸೂಟು ಬರೀ ಬಟ್ಟೆಯಲ್ಲ ಅಂತ. ನಮ್ಮಜ್ಜಂದಿರು ಮೇಲಂಗಿ ತೊಟ್ಟು ಊರಬೀದಿಯಲ್ಲಿ ನಡೆಯೋದಕ್ಕೆ ಏನೇನು ಅನುಭವಿಸಿದರು ಅಂತ. ಅವತ್ತು ಲೈಟು ಸರಿ ಇದೆ ಅನ್ನೋ ಒಂದೇ ಕಾರಣಕ್ಕೆ ಒಬ್ಬ ಹಿರಿಯರಿಗೆ ಅಂಗಿ ತೊಡಬೇಡಿ ಅಂತ ಹೇಳಿದವಳೂ ನಾನೇ. ಆ ಟಿಫಿನ್ ಬಾಕ್ಸಿನ ಹುಡುಗ ನನ್ನ ಕೈ ನೋಡಿ ಹೇಳಿದ ಮಾತಿಗೂ ಇದಕ್ಕೂ ಏನು ವ್ಯತ್ಯಾಸ? ಅವನಾದ್ರೂ ನನಗೆ ಹೊರಗಿನವನು.

ಕಾಕಾ ಅಂಗಿ ಹಾಕಿಕೊಂಡು ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಬಂದರು. ಅಲ್ಲಿಂದ ಮುಂದೆ ಅವರು ಹೇಳಿದ ಹಾಗೆ ತೆಗೆದೆ. ಈ ಭಾಗ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ 'ಪಾಂಪ್ಲೆಟ್ ತರ' ಅನ್ನೋ ಮಾತಿಗೆ ಉತ್ತರ ಇಲ್ಲಿದೆ.

ಚರ್ಮ ಸ್ಟೀಲಿನ ಹಾಗಲ್ಲ. ಪಕ್ಕದಿಂದ ತಗ್ಗಿನಲ್ಲಿ ಲೈಟು ಕೊಟ್ರೆ ಒಂದೊಂದು ಗೆರೆಯೂ ಎದ್ದು ಕಾಣುತ್ತೆ, ನೋಡೋಕೆ ಬಹಳ ಚೆಂದ. ಆದ್ರೆ ಕೊಳ್ಳೋರು ಅದನ್ನ ಬಿರುಕು ಅಂದುಕೊಳ್ತಾರೆ. ನೇರ ಮುಂದಿನಿಂದ ಕೊಟ್ರೆ ಎಲ್ಲ ನುಣ್ಣಗಾಗಿ ರೆಕ್ಸಿನ್ ತರ ಕಾಣುತ್ತೆ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮದ ಬಣ್ಣ ಇನ್ನೂ ಕಷ್ಟ. ಲೈಟು ಸ್ವಲ್ಪ ಹಳದಿಯಾದ್ರೆ ಬಂಗಾರದ ಹಾಗೆ ಹೊಳೆಯುತ್ತೆ, ಲೈಕ್ ಸುರಿಯುತ್ತೆ, ಬಾಕ್ಸ್ ಬಿಚ್ಚಿದವರು "ಫೋಟೋದಲ್ಲಿ ಇದ್ದ ಬಣ್ಣ ಇದಲ್ಲ" ಅಂತ ವಾಪಸ್ ಕಳಿಸ್ತಾರೆ. ನಮ್ಮ ಕಸುಬಲ್ಲಿ ಮಾರಾಟ ಅಂದ್ರೆ ಹೋದದ್ದಲ್ಲ, ಹೋಗಿ ವಾಪಸ್ ಬರದೇ ಉಳಿದದ್ದು. ಬೂದು ಬಣ್ಣದ ಕಾರ್ಡ್ ಪಕ್ಕದಲ್ಲಿಟ್ಟು ಬಣ್ಣ ಸರಿಮಾಡಿದೆ. ಎರಡು ಕಡೆಯಿಂದ ಮೆತ್ತಗೆ ಲೈಟು, ಎಡಗಡೆಯದು ಸ್ವಲ್ಪ ಜಾಸ್ತಿ. ಬಲಗಡೆ ನೆರಳು ತುಂಬೋಕೆ ಒಂದು ದೊಡ್ಡ ಥರ್ಮೋಕೋಲ್ ಹಲಗೆ ಬೇಕಿತ್ತು, ಸ್ಟ್ಯಾಂಡ್ ಮುರಿದಿತ್ತು. ಚಿಗವ್ವ ಮಧ್ಯಾಹ್ನಪೂರ್ತಿ ಅದನ್ನ ಹಿಡ್ಕೊಂಡು ನಿಂತರು.

ನಾನು ಮೇಲಿಂದ ತೆಗೆದು ಮುಗೀತು ಅಂದೆ. ಕಾಕಾ ಚಪ್ಪಲಿ ತಿರುವಿ ಹಾಕಿದರು. "ಅಟ್ಟಿ ತೋರಸು. ತಿಳದಾವ ಮೊದಲ ಅಟ್ಟಿ ನೋಡ್ತಾನ." ಮೊಳೆ ಇಲ್ಲ, ಚರ್ಮದ ದಾರದಲ್ಲೇ ಹೊಲಿಗೆ. ಆ ಹೊಲಿಗೆಯ ಸಾಲು ಕಾಣೋ ಹಾಗೆ ಒಂದು. ಪಕ್ಕದಿಂದ ತೆಗೆಯುವಾಗ ಹಿಮ್ಮಡಿ ಎಷ್ಟು ದಪ್ಪ ಅಂತ ಗೊತ್ತಾಗಲಿ ಅಂತ ಸ್ಕೇಲ್ ಇಡಿಸಿದರು. ಹೆಣೆದ ಪಟ್ಟಿಯ ಮೇಲೆ ಫೋಕಸ್ ಸರಿ ಇಲ್ಲ ಅಂತ ಥರ್ಮೋಕೋಲಿನ ಹಿಂದಿನಿಂದ ಚಿಗವ್ವ ಹೇಳಿದರು, ಮತ್ತೆ ತೆಗೆದೆ. ಕೊನೆಗೆ ಕಾಕಾ ಎದೆಮಟ್ಟಕ್ಕೆ ಜೊತೆ ಹಿಡಿದು ನೆಟ್ಟಗೆ ನಿಂತರು. ನಗಲಿಲ್ಲ. ಅದೂ ತೆಗೆದೆ.

ಆದ್ರೂ ನನ್ನ ಚಪಲ ಹೋಗಲಿಲ್ಲ. ಬೆಳಗ್ಗೆ ತೆಗೆದಿದ್ದ ಕೈಯ ಫೋಟೋ ಇತ್ತಲ್ಲ, ಮುಖ ಕಾಣದ್ದು, ಕಾಕಾನ ಕೇಳಿ ಅದನ್ನ ಇಲ್ಲಿ ಹಾಕಿದೆ. "ಹಾಕ ಹೋಗ, ನಿಂದು ನೀ ನೋಡ್ಕೊ" ಅಂದಿದ್ದರು. ನಿಮಗೆ ನೆನಪಿರಬಹುದು. ನನ್ನ ಯಾವ ಪೋಸ್ಟಿಗೂ ಅಷ್ಟು ಲೈಕ್ ಬಂದಿರಲಿಲ್ಲ. ಇಬ್ಬರು ಕವನ ಬರೆದರು. ಒಬ್ಬರು ಪುಸ್ತಕದ ಮುಖಪುಟಕ್ಕೆ ಕೇಳಿದರು. ಚಪ್ಪಲಿ ಬೆಲೆ ಕೇಳಿದವರು ಮೂರು ಜನ, ಕೊಂಡವರು ಯಾರೂ ಇಲ್ಲ. ಬೈತಿಲ್ಲ, ತಪ್ಪು ನಂದೇ. ಆ ಫೋಟೋದಲ್ಲಿ ಚಪ್ಪಲಿ ಸರಿಯಾಗಿ ಕಾಣ್ತಾನೇ ಇರಲಿಲ್ಲ.

ಬಿಳಿ ಬ್ಯಾಕ್‌ಗ್ರೌಂಡಿನವನ್ನ ವಾಟ್ಸಾಪ್ ಕ್ಯಾಟಲಾಗಿಗೆ ಹಾಕಿ ಕಾಕಾನ ಮಗನಿಗೆ ಕಳಿಸಿದೆ. ದೀಪಾವಳಿ ಮುಗಿಯೋದರೊಳಗೆ ಅದರಿಂದ 23 ಜೊತೆ ಹೋಯ್ತು. ಎರಡು ವಾಪಸ್ ಬಂತು, ಎರಡೂ ಸೈಜಿನ ತಕರಾರು. ಬಣ್ಣದ ತಕರಾರು ಒಂದೂ ಇಲ್ಲ.

ಹಂಗಂತ ನಾನು ಸೇಲ್ಸಿನವರ ಪಕ್ಷ ಸೇರಿದೆ ಅಂತ ತಿಳ್ಕೋಬೇಡಿ. ಹೆಚ್ಚು ಮಾರಾಟ ಆಗೋದೇ ಸರಿ ಅನ್ನೋದಾದ್ರೆ ನನ್ನ ಕೈ ಬೆಳ್ಳಗೆ ಮಾಡಿದ್ದೂ ಸರಿ, ಕಾಕಾನ ಫೋಟೋ ತೆಗೆದುಹಾಕು ಅನ್ನೋದೂ ಸರಿ. ಚೆಂದ ಬರೋದೇ ಸರಿ ಅನ್ನೋದಾದ್ರೆ ಕಾಕಾ ಬನಿಯನ್‌ನಲ್ಲೇ ಇರಬೇಕಿತ್ತು. ಫೋಟೋದ ಒಳಗಿರೋರು ತಾವು ಹೆಂಗೆ ಕಾಣಬೇಕು ಅಂತ ಹೇಳಿದ್ದನ್ನ ಕೇಳೋದು ಮಾತ್ರ ಎರಡೂ ಪಾರ್ಟಿಯ ಅಜೆಂಡಾದಲ್ಲಿ ಇಲ್ಲ. ನಾನೂ ಕೇಳಲಿಲ್ಲ. ಅವರೇ ಎದ್ದು ಅಂಗಿ ಹಾಕ್ಕೊಂಡು ಬಂದರು.

ಎರಡನೇ ಗೆಳೆಯರ ಮಾತಿಗೆ, ಅಂದ್ರೆ ನಮ್ಮೋರ ಮುಖ ಕಂಡ್ರೆ ಕೊಳ್ಳಲ್ಲ ಅನ್ನೋದಕ್ಕೆ, ಪೂರ್ತಿ ಸುಳ್ಳು ಅಂತ ಹೇಳೋ ಧೈರ್ಯ ನನಗಿಲ್ಲ. ಲಿಡ್ಕರ್‌ಗೆ ಡಾಲಿ ಧನಂಜಯ ರಾಯಭಾರಿ ಆದಾಗ, ಅದೂ ಸಂಭಾವನೆ ಇಲ್ಲದೆ, ನನಗೆ ಖುಷಿ ಆಗಿತ್ತು. ನಟ ಬೇಕು, ಬೇಡ ಅನ್ನಲ್ಲ. ಅದರ ಜೊತೆಗೆ ಮಾಡಿದವರ ಮುಖವೂ ಒಂದು ಕಡೆ ಇರಲಿ, ಅವರಿಗೆ ಬೇಕಾದ ಬಟ್ಟೆಯಲ್ಲಿ. ಅದರಿಂದ ನಾಲ್ಕು ಜೊತೆ ಕಮ್ಮಿ ಹೋದ್ರೆ ಏನು ಮಾಡ್ತೀರಿ ಅಂತ ಕಾಕಾನ ಕೇಳಿದೆ. "ನಾಲ್ಕ ಕಮ್ಮಿ ಹೋಗ್ಲಿ. ಇಪ್ಪತ್ತ ಕಮ್ಮಿ ಹೋದ್ರ ತಗದ ಬಿಡೂಣು" ಅಂದರು. ನನ್ನಷ್ಟು ಸಿದ್ಧಾಂತಿ ಅಲ್ಲ ಅವರು. ಮನೆ ನಡೆಸೋರು.

ಈ ಮಂಗಳವಾರ ಒಂದು ಫೋನ್ ಬಂತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡೋ ಹೆಣ್ಣುಮಗಳು, ಒಳ್ಳೆ ಮನಸ್ಸಿನಿಂದಲೇ ಮಾತಾಡಿದರು. ಮೂರು ಜೊತೆ ಬೇಕು ಅಂದರು. ಆಮೇಲೆ, "ಆ ವೈಟ್ ಶರ್ಟ್ ಹಾಕ್ಕೊಂಡಿರೋರು ಓನರ್ ಅಲ್ವಾ ಮೇಡಂ? ಮಾಡೋ ಕಾರೀಗರ್ ಫೋಟೋ ಇದ್ರೆ ಕಳಿಸ್ತೀರಾ, ಸ್ಟೇಟಸ್ ಹಾಕ್ಕೋತೀನಿ."

ಅವರೇ ಮಾಡೋದು ಅಂದೆ. ಒಂದು ಕ್ಷಣ ಸುಮ್ಮನಾದರು. "ಓ, ಹೌದಾ" ಅಂದರು.

ಇದನ್ನ ಕಾಕಾಗೆ ಫೋನ್ ಮಾಡಿ ಹೇಳಿದೆ. ಬಹಳ ಹೊತ್ತು ನಕ್ಕರು. "ಓನರ್ ಅಂದಳಾ? ಇರ್ಲಿ ಬಿಡು, ಹಂಗ ಇರ್ಲಿ." ಹಿಂದೆ ಚಿಗವ್ವನ ದನಿ ಕೇಳಿಸ್ತಿತ್ತು, ಏನಂತ, ಏನಂತ ಅಂತ. ಫೋನ್ ಕಸಕೊಂಡರು.

"ಆ ಪಟ್ಟಿ ಹೆಣದಾಕಿ ನಾನು, ತೂತ ಹೊಡದಾಕಿ ನಾನು, ಗೊಂಡೆ ಕಟ್ಟಿದಾಕಿ ನಾನು. ನನ್ನ ಫೋಟೋ ಯಾಕ ತಗೀಲಿಲ್ಲ ನೀ? ದಿನಾಪೂರ್ತಿ ಆ ಹಲಗಿ ಹಿಡಕೊಂಡ ನಿಂತಿದ್ನೆಲ್ಲ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾರ್ಡ್ ಡಿಸ್ಕಿನಲ್ಲಿ ಆ ದಿನದ್ದು ನಾನೂರಕ್ಕೂ ಹೆಚ್ಚು ಫೋಟೋ ಇವೆ. ನಿನ್ನೆ ರಾತ್ರಿ ಕೂತು ಒಂದೊಂದನ್ನೂ ನೋಡಿದೆ. ಒಂದರಲ್ಲಿ ಬಲಗಡೆ ಅಂಚಿಗೆ, ಥರ್ಮೋಕೋಲ್ ಹಿಡಿದ ನಾಲ್ಕು ಬೆರಳು ಇವೆ. ಅಂತಿಮ ಫೋಟೋದಲ್ಲಿ ಅದನ್ನ ಕ್ರಾಪ್ ಮಾಡಿದ್ದೀನಿ.

ಏಪ್ರಿಲ್ 14ಕ್ಕೆ ಸ್ಟಾಲ್ ಹಾಕೋಕೆ ಇಬ್ಬರೂ ಮತ್ತೆ ಬರ್ತಿದ್ದಾರೆ. ಇಳಕಲ್ ಸೀರೆ ಉಟ್ಟುಕೊಂಡು ಬರ್ತೀನಿ, ಕೂತಿರೋ ಹಾಗೆ ತಗೀಬೇಕು, ನಿಂತು ನಿಂತು ಕಾಲು ನೋಯ್ತಾವ ಅಂತ ಚಿಗವ್ವ ಈಗಲೇ ಹೇಳಿದ್ದಾರೆ. ಹೊಸ ಸ್ಟ್ಯಾಂಡ್ ಆರ್ಡರ್ ಮಾಡಿದ್ದೀನಿ.

ಚಪ್ಪಲಿ ಗಂಡಸರಿಗೆ 6ರಿಂದ 10, ಹೆಂಗಸರಿಗೆ 4ರಿಂದ 8ರವರೆಗೆ ಇವೆ. ಪಾದವನ್ನ ಪೇಪರ್ ಮೇಲಿಟ್ಟು ಗೆರೆ ಎಳೆದು ಅಳತೆ ಕಳಿಸಿದ್ರೆ ಒಳ್ಳೇದು, ಆಗ ವಾಪಸ್ ಬರೋ ಗೋಜಿಲ್ಲ. ಕೈಯಲ್ಲಿ ಮಾಡೋದು, ಟೈಮ್ ಬೇಕು. ಬೇಕಾದವರು ಈ ವಾರವೇ ಇನ್‌ಬಾಕ್ಸ್ ಮಾಡಿ. ಚೌಕಾಶಿ ಬೇಡ.

ಜೈ ಭೀಮ್.